ಮೊಸರು ಹೆಪ್ಪುಗಟ್ಟಿದ ಪ್ಯಾಂಟು

ನಮ್ಮ ಅಪ್ಪ ಅವಧೂತ ಗಲಗಲಿ ಪರೀಕ್ಷೆ ಮಾಡದೆ ಮನೆಯೊಳಗೆ ಬಿಟ್ಟುಕೊಂಡದ್ದು ನಮ್ಮ ಅವ್ವ ಒಬ್ಬಳನ್ನೇ. ಮದುವೆಯ ಹೊತ್ತಿಗೆ ತನಗಿನ್ನೂ ಪುಣೆಯ ಭೋಸರಿಯ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಕೆಲಸ ಸಿಕ್ಕಿರಲಿಲ್ಲ, ಅದಕ್ಕೇ ಹಾಗಾಯಿತು ಎಂದು ಅವನು ಬಂದವರ ಮುಂದೆಲ್ಲ ಹೇಳುತ್ತಿದ್ದ. "ನನಗೂ ಆವಾಗ ಪರೀಕ್ಷಾ ಮಾಡ್ಲಿಕ್ಕೆ ಬರ್ತಿದ್ದಿಲ್ರಿ. ಬಂದಿದ್ರ ಇವರೆಲ್ಲಿ ಪಾಸಾಗ್ತಿದ್ರು?" ಎಂದು ಅವ್ವ ಅನುಸೂಯಾ ಅಡುಗೆಮನೆಯಿಂದಲೇ ಉತ್ತರ ಕೊಡುತ್ತಿದ್ದಳು.

ಕಾರ್ಖಾನೆಯಲ್ಲಿ ಅವನ ಕೆಲಸ ಅಂದರೆ, ಮಷಿನ್ನಿನಿಂದ ಬಂದ ಕಬ್ಬಿಣದ ಬಿಡಿಭಾಗಗಳನ್ನು ಒಂದೊಂದಾಗಿ ಎತ್ತಿ, ಅಳತೆಯ ಗೇಜು ತೂರಿಸಿ ನೋಡಿ, ಸರಿಯಿದ್ದರೆ ಬಲಗಡೆಗೆ, ಇಲ್ಲದಿದ್ದರೆ ಎಡಗಡೆಗೆ ಹಾಕುವುದು. ವರ್ಷಗಟ್ಟಲೆ ಹೀಗೆ ಹಾಕಿ ಹಾಕಿ ಅವನಿಗೆ ಇಡೀ ಜಗತ್ತೇ ಬಲ ಮತ್ತು ಎಡ ಎಂದು ಕಾಣಿಸತೊಡಗಿತ್ತು. ಕೋಥರೂಡದಲ್ಲಿ ನಮ್ಮ ಫ್ಲ್ಯಾಟಿದ್ದ ಹೌಸಿಂಗ್ ಸೊಸೈಟಿಯ ಎದುರು ಕೂರುತ್ತಿದ್ದ ಭಾಜಿವಾಲಿ ಅವನನ್ನು ದೂರದಿಂದ ಕಂಡರೆ ಸಾಕು, ಬದನೆಕಾಯಿ ಬುಟ್ಟಿಯ ಮೇಲೆ ಗೋಣಿಚೀಲ ಎಳೆಯುತ್ತಿದ್ದಳು. ಛತ್ರಿ ಕೊಳ್ಳಲು ಹೋದಾಗ ಅಂಗಡಿಯವನ ಹತ್ತಿರ ಒಂದು ಬಕೆಟ್ ನೀರು ಕೇಳಿದ್ದ. ಮಂಚ ಕೊಳ್ಳಲು ಹೋದವನು ಅದರ ಮೇಲೆ ಗೊರಕೆ ಹೊಡೆದು ನಿದ್ದೆ ಮಾಡಿದ್ದ, ಅಂಗಡಿಯವರೇ ಬಾಗಿಲು ಹಾಕುವಾಗ ಅಲುಗಾಡಿಸಿ ಎಬ್ಬಿಸಿದರು. ಇಂಥವನ ಮಗಳಾಗಿ ಹುಟ್ಟಿದ ನಾನು, ನೀಲಿಮಾ, ಪೇಟೆಯಲ್ಲಿ ಯಾವಾಗಲೂ ಅವನಿಗಿಂತ ಎರಡು ಅಂಗಡಿ ಹಿಂದೆ, ಯಾರೋ ಏನೋ ಎಂಬಂತೆ ನಡೆಯುತ್ತಿದ್ದೆ.

ಎಲ್ಲವನ್ನೂ ತಿರುಗಿಸಿ ಮುರುಗಿಸಿ ನೋಡುವ ಈ ಮನುಷ್ಯ ಒಂದು ಮಾತನ್ನು ಮಾತ್ರ ಪರೀಕ್ಷೆಯಿಲ್ಲದೆ ನಂಬಿಕೊಂಡಿದ್ದ. ತನಗೆ ಚಳಿಯೇ ಆಗುವುದಿಲ್ಲ ಎಂಬುದು ಆ ಮಾತು. "ನಾವು ಧಾರವಾಡದವರು. ನಮಗ ಈ ಪುಣೇದ ಚಳಿ ಏನ್ ಲೆಕ್ಕ?" ಎನ್ನುತ್ತಿದ್ದ. ಹೀಗೆನ್ನುವಾಗ ಎರಡು ಕೌದಿಗಳ ಒಳಗಿಂದ ಅವನ ಮೂಗಿನ ತುದಿಯಷ್ಟೇ ಹೊರಗಿರುತ್ತಿತ್ತು. ಅಪ್ಪ ಮೊದಲೇ ಕೃಶ, ಕಾಲುಗಳಂತೂ ಮಡಚಿಟ್ಟ ಛತ್ರಿಯ ಹಾಗೆ. ದೀಪಾವಳಿ ಮುಗಿದರೆ ಶಿವರಾತ್ರಿಯ ತನಕ ಬಿಸಿಲು ಬರುವವರೆಗೆ ಅವನು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಕಾರ್ಖಾನೆಯ ಬಸ್ಸು ಬರುವ ಹೊತ್ತಿಗೆ ಸೊಸೈಟಿಯ ಗೇಟಿನ ತನಕ ಓಡುತ್ತಲೇ ಹೋಗುತ್ತಿದ್ದ, ಅದನ್ನು ವ್ಯಾಯಾಮ ಎಂದು ಕರೆಯುತ್ತಿದ್ದ. ನಾವೂ ಹೂಂ ಎನ್ನುತ್ತಿದ್ದೆವು, ಅದರಿಂದ ಯಾರಿಗೂ ತೊಂದರೆ ಇರಲಿಲ್ಲ.

ತೊಂದರೆ ಆದದ್ದು ೧೯೯೮ರ ಡಿಸೆಂಬರಿನಲ್ಲಿ, ನನ್ನ ಮದುವೆಯ ಮಾತು ನಡೆದಾಗ.

ಸಂಬಂಧ ತಂದವಳು ಅವ್ವನ ಅಕ್ಕ ರಂಗೂಬಾಯಿ, ನನಗೆ ರಂಗೂ ಮಾವಶಿ. ಹುಡುಗ ವಿಕ್ರಮ ಸವದತ್ತಿ, ಮೂಲ ಬೆಳಗಾವಿ ಕಡೆಯವರು, ಮನೆ ನಮ್ಮಿಂದ ಎರಡು ಬಸ್ ಸ್ಟಾಪು ಆಚೆ. ಕನ್ಯಾ ನೋಡಲು ಬಂದ ದಿನ ಮಾವಶಿ ತಟ್ಟೆ ತಟ್ಟೆಗೂ, "ಇದೂ ನಮ್ಮ ನೀಲೂನ ಮಾಡ್ಯಾಳ, ಅದೂ ನಮ್ಮ ನೀಲೂನ ಮಾಡ್ಯಾಳ" ಎಂದು ಹೊಡೆದೇ ಹೊಡೆದಳು. ಎಲ್ಲ ಅವ್ವ ಮಾಡಿದ್ದು. ವಿಕ್ರಮ ಬೇಸನ ಉಂಡಿಯನ್ನು ಕೈಯಲ್ಲಿ ಹಿಡಿದು, "ಹಂಗಾರ ನಿಮಗ ಖರೇನ ಏನು ಬರ್ತದ?" ಎಂದು ನನ್ನನ್ನೇ ಕೇಳಿದ. ನಾನು, "ತಿನ್ಲಿಕ್ಕೆ" ಎಂದೆ. ಅವನಿಗೆ ನಗು ಬಂದು ಚಹಾ ಮೂಗಿಗೆ ಹೋಯಿತು. ಅದಕ್ಕೆ ಮುಂಚೆ ನೋಡಿಹೋದ ಹುಡುಗರೆಲ್ಲ ನನ್ನ ಎತ್ತರ ಕೇಳಿದ್ದರು, ಸಂಗೀತ ಕೇಳಿದ್ದರು, ನೌಕರಿ ಬಿಡುತ್ತೀಯಾ ಎಂದು ಕೇಳಿದ್ದರು. ನಗುತ್ತಾ ಕೆಮ್ಮಿದವನು ಇವನೊಬ್ಬನೇ. ಮುಚ್ಚುಮರೆ ಯಾಕೆ, ನನಗೆ ಅವನೇ ಬೇಕಾಗಿತ್ತು.

ಜಾತಕ ಕೂಡಿತು, ಹುಡುಗನಿಗೆ ಒಪ್ಪಿಗೆಯಾಯಿತು. ಉಳಿದದ್ದು ಹಿರಿಯರ ಕೊನೆಯ ಮಾತು. ಆದರೆ ವಿಕ್ರಮನ ತಂದೆ ಮಾರ್ತಾಂಡರಾವ್ ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿ ನಿವೃತ್ತರಾದವರು, ಅವರ ಪದ್ಧತಿಯೇ ಬೇರೆ. "ಕುರ್ಚಿ ಮ್ಯಾಲೆ ಕೂತ್ರ ಎಲ್ಲಾರೂ ಛಲೋನ ಕಾಣ್ತಾರ್ರಿ. ಮನುಷ್ಯಾ ಖರೇ ಹ್ಯಾಂಗದಾನ ಅನ್ನೂದು ಏರು ಹತ್ತುವಾಗ ಗೊತ್ತಾಗ್ತದ. ಐತವಾರ ಬೆಳಿಗ್ಗೆ ಆರೂವರೆಗೆ ಟೇಕಡಿಗೆ ವಾಕಿಂಗ್ ಬರ್ರಿ ಗಲಗಲಿಯವರ. ಅಲ್ಲೇ ಮಾತಾಡೋಣ," ಎಂದರು. ಟೇಕಡಿ ಅಂದರೆ ಕೋಥರೂಡದ ಬೆನ್ನಿಗಿರುವ ಗುಡ್ಡ. ಅಪ್ಪ ಅದನ್ನು ಬಾಲ್ಕನಿಯಿಂದ ನೋಡಿದ್ದ.

"ಕಾಲಿಗೆ ಏನರೆ ಬೆಚ್ಚಂದು ಹಾಕ್ಕೋರಿ," ಎಂದಳು ಅವ್ವ.

"ನಾನೇನು ಹಿಮಾಲಯಕ್ಕ ಹೊಂಟೇನೇನು?" ಎಂದ ಅಪ್ಪ. ಆಫೀಸಿನ ಟೆರಿಕಾಟ್ ಪ್ಯಾಂಟನ್ನೇ ಇಸ್ತ್ರಿ ಮಾಡಿಸಿ ಹಾಕಿಕೊಂಡ. ಕತ್ತಿ ಹಾಗೆ ನೆರಿಗೆ ಎದ್ದುನಿಂತ ಪ್ಯಾಂಟು, ಗಾಳಿ ಮಾತ್ರ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಬೀಳುವಂಥದ್ದು.

ಗುಡ್ಡದ ಮೇಲೆ ಆ ದಿನ ಗಾಳಿ ಇತ್ತು. ಅರ್ಧ ಹತ್ತುವಷ್ಟರಲ್ಲಿ ಅಪ್ಪನ ತೊಡೆ ನಡುಗತೊಡಗಿತು. ತೊಡೆಯಿಂದ ಅದು ಸೊಂಟಕ್ಕೆ ಬಂತು, ಸೊಂಟದಿಂದ ಹೆಗಲಿಗೆ, ಹೆಗಲಿನಿಂದ ಗದ್ದಕ್ಕೆ. ಮೇಲೆ ಮುಟ್ಟಿ ಬಂಡೆಯ ಮೇಲೆ ಕೂತಾಗ ಮಾರ್ತಾಂಡರಾವ್ ಥರ್ಮಾಸಿನಿಂದ ಚಹಾ ಬಗ್ಗಿಸಿ ಕೊಟ್ಟರು. ಕಪ್ಪು ಅಪ್ಪನ ಕೈಯಲ್ಲಿ ಕುಣಿಯಿತು. ಅರ್ಧ ಚಹಾ ಅವನ ಸ್ವೆಟರಿಗೆ, ಉಳಿದರ್ಧ ಮಾರ್ತಾಂಡರಾಯರ ಬೆಳ್ಳಗಿನ ಕ್ಯಾನ್ವಾಸ್ ಬೂಟಿಗೆ.

"ಚಳಿ ಆಗ್ಲಿಕತ್ತದೇನ್ರಿ?" ಎಂದು ಅವರು ಕಳಕಳಿಯಿಂದಲೇ ಕೇಳಿದರು.

"ಛೇ ಛೇ, ಎಲ್ಲೀ ಚಳಿರಿ ಮಾಸ್ತರ? ನಮಗ ಚಳಿ ಅನ್ನೂದ ಗೊತ್ತಿಲ್ಲ."

"ಮತ್ತ ಕೈ ಯಾಕ ಹಿಂಗ?"

"ಕೈ ಯಾವಾಗ್ಲೂ ಹಿಂಗ ಇರ್ತದ್ರಿ," ಎಂದ ನಮ್ಮ ಅಪ್ಪ.

ಮನೆಗೆ ಬಂದು ಇದನ್ನು ಅವನೇ ಹೆಮ್ಮೆಯಿಂದ ಹೇಳಿದ. ಬೀಗರಾಗುವವರ ಮುಂದೆ ಸೋಲಲಿಲ್ಲ ಎಂಬ ಸಂತೋಷ ಅವನಿಗೆ. ಅವ್ವ ಒಗ್ಗರಣೆ ಸೌಟು ಕೈಯಲ್ಲಿ ಹಿಡಿದು ಅವನನ್ನು ಬಹಳ ಹೊತ್ತು ನೋಡಿದಳು. ಒಲೆಯ ಮೇಲೆ ಮೆಣಸಿನಕಾಯಿ ಹೊತ್ತಿಹೋಯಿತು.

ಎರಡು ದಿನ ಬಿಟ್ಟು ರಂಗೂ ಮಾವಶಿ ಬಂದಳು. ಚಪ್ಪಲಿ ಬಿಡುವ ಮೊದಲೇ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಗಲಗಲಿಯವರ ಮನೆತನದಾಗ ಕಂಪವಾತ ಅದ ಏನು ಅಂತ ಕೇಳ್ಯಾರವಾ ಅನೂ. ಕೈ ನಡುಗೂ ರೋಗ. ಚಳಿ ಆಗಿದ್ರ ಮಾತು ಬ್ಯಾರೆ, ಆದ್ರ ಅವರ ಬಾಯಿಲೇನ ಚಳಿ ಇಲ್ಲ ಅಂದಾರ, ಕೈ ಯಾವಾಗ್ಲೂ ಹಿಂಗ ಇರ್ತದ ಅಂತನೂ ಅಂದಾರ. ಮುಂದ ಹುಡುಗೀಗೆ ಬಂದ್ರ, ಮೊಮ್ಮಕ್ಕಳಿಗೆ ಬಂದ್ರ ಅಂತ ಮಾಸ್ತರ ಚಿಂತೀ ಮಾಡ್ಲಿಕತ್ತಾರ."

"ನೀ ಏನ್ ಹೇಳಿದಿ?" ಎಂದಳು ಅವ್ವ.

"ನಾ ಏನ್ ಸುಳ್ಳು ಹೇಳ್ಲಿ? ರೋಗ ಗೀಗ ಏನೂ ಇಲ್ರಿ, ಗಲಗಲಿಯವರ ಅಪ್ಪ ಮಾತ್ರ ಸಿಟ್ಟು ಬಂದಾಗ ಗಡಗಡ ನಡಗ್ತಿದ್ರು ಅಂದೆ."

ಸಹಾಯ ಮಾಡಲು ಹೊರಟ ಮಾವಶಿಯನ್ನು ತಡೆಯುವ ಶಕ್ತಿ ದೇವರಿಗೂ ಇರಲಿಲ್ಲ. ನಾನು ಬಚ್ಚಲಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತೆ. ಹೊರಗೆ ಬಂದು, ಇಲ್ಲಿ ಬರೆಯಲಾಗದ ನಾಲ್ಕು ಮಾತು ಅಪ್ಪನಿಗೆ ಅಂದೆ. ಅವನು ತಲೆ ತಗ್ಗಿಸಿ ಕೂತಿದ್ದ.

"ಹೋಗಿ ಚಳಿ ಆಗಿತ್ತು ಅಂತ ಖರೇ ಹೇಳ್ರಿ. ಮುಗೀತು," ಎಂದಳು ಅವ್ವ.

"ಹ್ಯಾಂಗ ಹೇಳ್ಲಿ? ಮೊದಲ ಭೆಟ್ಟಿಯೊಳಗ ಸುಳ್ಳು ಹೇಳಿದೆ ಅಂತ ಹೇಳ್ಲೇನು? ರೋಗಿಷ್ಟರ ಮಗಳನ್ನರೆ ತರಬಹುದು, ಸುಳ್ಳರ ಮಗಳನ್ನ ಯಾರು ತರ್ತಾರ?" ಎಂದ ಅಪ್ಪ. ಅವನ ತಲೆಯ ದಾರಿಯೇ ಹಾಗೆ, ಒಂದು ಸಲ ತಪ್ಪಿದರೆ ಮುಂದಿನ ಊರಿನ ತನಕ ತಪ್ಪುತ್ತಲೇ ಹೋಗುತ್ತದೆ.

ಮಾರ್ತಾಂಡರಾವ್ ಮಾತ್ರ ನ್ಯಾಯವಂತರು. ಬರುವ ಐತವಾರ ಇನ್ನೊಂದು ಸಲ ಗುಡ್ಡ ಹತ್ತೋಣ, ಆಮೇಲೆ ಹೇಳುತ್ತೇನೆ ಎಂದು ತಿಳಿಸಿದ್ದರು. ಅಪ್ಪ ನಡುಗದಿದ್ದರೆ ಮದುವೆ, ನಡುಗಿದರೆ ಇಲ್ಲ, ಇಷ್ಟೇ ಅದರ ಅರ್ಥ.

ಅಪ್ಪ ಆ ಸಂಜೆಯೇ ದೋಷದ ಮೂಲ ಹುಡುಕಿದ. "ನಡುಕ ಎಲ್ಲಿಂದ ಶುರುವಾತು? ತೊಡಿಯಿಂದ. ಮ್ಯಾಲಿಂದೆಲ್ಲಾ ಅದರ ಹಿಂದ ಬಂದದ್ದು. ತೊಡಿ ಬೆಚ್ಚಗಿಟ್ರ ಕೈ ತಾನ ನಿಂದರ್ತದ." ಮೇಲಿನ ಮನೆಯ ನಿವೃತ್ತ ರೈಲ್ವೆ ಗಾರ್ಡರ ಹತ್ತಿರ ಹಳೆಯ ಉಣ್ಣೆ ಪ್ಯಾಂಟು ಇತ್ತು. ಕಂಬಳಿಗೆ ಎರಡು ಕಾಲು ಹೊಲಿದ ಹಾಗಿದ್ದ ಅದನ್ನು ಕೇಳಿ ತಂದು, ಹಾಕಿಕೊಂಡು, ಗುಡ್ಡದ ಬದಲು ಸೊಸೈಟಿಯ ಮೆಟ್ಟಿಲು ಹತ್ತಿ ನೋಡಿದ. ಮೂರನೆಯ ಮಹಡಿಗೆ ಮುಟ್ಟುವಷ್ಟರಲ್ಲಿ ಬೆವರು ಇಳಿಯಿತು, ಉಸಿರು ಸೀಟಿ ಹೊಡೆಯಿತು, ಪ್ಯಾಂಟು ತನ್ನ ಭಾರಕ್ಕೆ ತಾನೇ ಕೆಳಗಿಳಿಯಿತು. ಬಾಗಿಲು ತೆರೆದ ಮೂರನೆಯ ಮಹಡಿಯ ಆಜಿ, ಅಂದರೆ ಅಲ್ಲಿನ ಮರಾಠಿ ಅಜ್ಜಿ, ರಾಮ ರಾಮ ಎನ್ನುತ್ತಾ ಬಾಗಿಲು ಹಾಕಿಕೊಂಡಳು.

"ಇದು ಬ್ಯಾಡ. ಈಗ ಕಂಪವಾತ ಅಂತಾರ, ಇದನ್ನ ಹಾಕ್ಕೊಂಡು ಹೋದ್ರ ಉಬ್ಬಸ ಅಂತಾರ," ಎಂದ ಅಪ್ಪ.

ಒಳಗೆ ಉದ್ದನೆಯ ಚಡ್ಡಿ ಹಾಕಿಕೊಳ್ಳಲು ನಾನು ಹೇಳಿದೆ. ಅದನ್ನೂ ತಂದು ನೋಡಿದ್ದಾಯಿತು. ತುರಿಕೆ ಎದ್ದು ರಾತ್ರಿ ಊಟಕ್ಕೆ ಕೂರಲಾಗಲಿಲ್ಲ. "ಬೀಗರ ಮುಂದ ತುರಿಸ್ಕೊಳ್ಳೂದಕ್ಕಿಂತ ನಡಗೂದ ಮೇಲು," ಎಂದು ಅದನ್ನು ಕಪಾಟಿನ ಎಡಗಡೆಗೆ ಎಸೆದ. ಕೊನೆಗೆ ಅವನೇ ತೀರ್ಮಾನ ಹೇಳಿದ: ಪ್ಯಾಂಟು ಹಗುರ ಇರಬೇಕು, ಬೆಚ್ಚಗೂ ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ಮಗಳ ಮದುವೆ ತಪ್ಪಿತು.

ಮರುದಿನ ಕಾರ್ಖಾನೆಗೆ ರಜೆ ಹಾಕಿ ನನ್ನನ್ನೂ ಎಳೆದುಕೊಂಡು ಲಕ್ಷ್ಮೀ ರೋಡಿಗೆ ಹೊರಟ. ನಾನೂ ಈ ಸಲ ಎರಡು ಅಂಗಡಿ ಹಿಂದೆ ಉಳಿಯಲಿಲ್ಲ, ನನ್ನದೇ ಗರಜು ಇತ್ತು. ಮೊದಲನೆಯ ಅಂಗಡಿಯಲ್ಲಿ ಅಪ್ಪ ಪ್ಯಾಂಟು ಹಾಕಿಕೊಂಡು ಬಂದು ಫ್ಯಾನಿನ ಕೆಳಗೆ ನಿಂತು, ಜೋರು ಮಾಡಿ ಎಂದ. ಡಿಸೆಂಬರಿನಲ್ಲಿ ಫ್ಯಾನು ಹಾಕಿಸಿಕೊಂಡು ಕಣ್ಣು ಮುಚ್ಚಿ ನಿಂತವನನ್ನು ಉಳಿದ ಗಿರಾಕಿಗಳು ಸುತ್ತುಗಟ್ಟಿ ನೋಡಿದರು. ಆಮೇಲೆ ಕೂತ, ಎದ್ದ, ಒಂಟಿ ಕಾಲಿನಲ್ಲಿ ನಿಂತ, ಚೀಲದಿಂದ ರದ್ದಿ ತೂಗುವ ಕೊಕ್ಕೆ ತಕ್ಕಡಿ ತೆಗೆದು ಪ್ಯಾಂಟನ್ನು ತೂಗಿದ. ಅಂಗಡಿಯವನು ಕನ್ನಡಕ ಹಣೆಗೇರಿಸಿ, "ಕಾಕಾ, ಪ್ಯಾಂಟ್ ಘ್ಯಾಯಚೀ ಆಹೇ ಕೀ ತಿಚ್ಯಾಶೀ ಸಂಸಾರ ಕರಾಯಚಾ ಆಹೇ?" ಎಂದು ಕೇಳಿದ. ಕೊಳ್ಳುತ್ತೀರೋ ಅದರ ಜೊತೆ ಸಂಸಾರ ಹೂಡುತ್ತೀರೋ ಎಂದು. ಅಷ್ಟರಲ್ಲಿ ಮಧ್ಯಾಹ್ನದ ಒಂದು ಹೊಡೆಯಿತು. ಪುಣೆಯ ಅಂಗಡಿಯವರಿಗೆ ಮಧ್ಯಾಹ್ನದ ನಿದ್ದೆಗಿಂತ ದೊಡ್ಡ ಗಿರಾಕಿ ಇಲ್ಲ. ಅಪ್ಪ ಇನ್ನೂ ಬಟ್ಟೆ ಬದಲಿಸುವ ಕೋಣೆಯಲ್ಲಿರುವಾಗಲೇ ದೀಪ ಆರಿತು, ಅವನು ಕತ್ತಲಲ್ಲಿ ಎರಡೂ ಕಾಲನ್ನು ಒಂದೇ ಕಡೆ ತೂರಿಸಿ ಜಿಗಿಯುತ್ತಾ ಹೊರಬಂದ.

ಒಮ್ಮೆ ಮಾರಿದ್ದನ್ನು ಯಾರೂ ವಾಪಸು ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಸಂಜೆಯ ಹೊತ್ತಿಗೆ ನಮ್ಮ ಕೈಯಲ್ಲಿ ಮೂರು ಪ್ಯಾಂಟುಗಳಿದ್ದವು. ಒಂದು ಗೆರೆಗೆರೆಯ ಕಾರ್ಡುರಾಯ್. ಇನ್ನೊಂದು ನಡೆದರೆ ಸರಬರ ಸದ್ದು ಮಾಡುವ ನೈಲಾನಿನದು, ಒಳಗೆ ಏನೋ ತುಂಬಿ ಹೊಲಿದದ್ದು. ಮೂರನೆಯದು ಚಳಿಗಾಲದಲ್ಲಿ ಫುಟ್‌ಪಾಥಿನಲ್ಲಿ ಸ್ವೆಟರು ಹರವಿ ಕೂರುವ ಟಿಬೆಟಿ ಹೆಂಗಸಿನ ಹತ್ತಿರ ಕೊಂಡದ್ದು. ಕಪ್ಪಗೆ, ತೆಳ್ಳಗೆ, ಒಳಮೈಗೆ ಬೆಕ್ಕಿನ ಮರಿಯ ಹಾಗೆ ಮೆತ್ತನೆಯ ತುಪ್ಪಟ. ಬೆಚ್ಚಗಿರುತ್ತದೆ ಎನ್ನುವುದಕ್ಕೆ ಏನು ಪುರಾವೆ ಎಂದು ಅಪ್ಪ ಹಿಂದಿಯಲ್ಲಿ ವಾದ ಹೂಡಿದ. ಅವಳು "ಗರಮ್ ಹೈ" ಎಂದಳು. ಮತ್ತೆ ಕೇಳಿದ. "ಗರಮ್ ಹೈ" ಎಂದು ಹೆಣೆಯುವುದನ್ನು ಮುಂದುವರಿಸಿದಳು.

ಮನೆಯಲ್ಲಿ ತೂಕದ ಪರೀಕ್ಷೆ ಬೇಗ ಮುಗಿಯಿತು. ಟಿಬೆಟಿ ಪ್ಯಾಂಟು ಎಲ್ಲಕ್ಕಿಂತ ಹಗುರ, ಕಾರ್ಡುರಾಯ್ ಎಲ್ಲಕ್ಕಿಂತ ಭಾರ. ಆದರೆ ಬೆಚ್ಚಗಿರುವುದನ್ನು ಅಳೆಯುವುದು ಹೇಗೆ? ಹಗಲು ಬಿಸಿಲು, ರಾತ್ರಿ ಮನೆಯೊಳಗೆ ಕೌದಿ, ಇನ್ನು ಬೆಳಗಿನ ಜಾವ ಗುಡ್ಡಕ್ಕೆ ಹೋಗಿ ನೋಡೋಣ ಎಂದರೆ ಮಾರ್ತಾಂಡರಾವ್ ದಿನಾ ಅಲ್ಲೇ ತಿರುಗುವವರು, ನಡುಗುವುದನ್ನು ಅವರು ಕಂಡುಬಿಟ್ಟರೆ ಮುಗಿದೇ ಹೋಯಿತು. ಅಪ್ಪ ಹಣೆಗೆ ಕೈ ಹಚ್ಚಿ ಕೂತ. ಆಗ ಅವ್ವ ಎಂದಿನಂತೆ ಮೊಸರಿಗೆ ಹೆಪ್ಪು ಹಾಕಿ, ಡಬ್ಬಿಯನ್ನು ಹಳೆಯ ಸ್ವೆಟರಿನಲ್ಲಿ ಸುತ್ತುತ್ತಿದ್ದಳು. ಪುಣೆಯ ಚಳಿಗೆ ಹಾಗೆ ಸುತ್ತದಿದ್ದರೆ ಬೆಳಿಗ್ಗೆ ಮೊಸರಲ್ಲ, ಮುನಿಸಿಕೊಂಡ ಹಾಲು ಸಿಗುತ್ತದೆ.

ಅಪ್ಪ ಎದ್ದು ನಿಂತ. ಅವನ ಮುಖ ನೋಡಿ ನನಗೆ ಹೆದರಿಕೆಯಾಯಿತು.

"ಅನುಸೂಯಾ! ಮೊಸರು ಹೆಪ್ಪಾಗ್ಲಿಕ್ಕೆ ಎಷ್ಟು ಬಿಸಿ ಬೇಕೋ ನನ್ನ ತೊಡಿಗೂ ಅಷ್ಟ ಸಾಕು. ಯಾವ ಪ್ಯಾಂಟಿನ್ಯಾಗ ಮೊಸರು ಗಟ್ಟಿ ಆಗ್ತದೋ ಅದ ನನ್ನ ಪ್ಯಾಂಟು!"

"ದೇವರ," ಎಂದಳು ಅವ್ವ. ಕರೆದದ್ದು ಅಪ್ಪನನ್ನಲ್ಲ.

ಒಂದೇ ಅಳತೆಯ ಸ್ಟೀಲ್ ಡಬ್ಬಿಗಳು, ಒಂದೇ ಪಾತ್ರೆಯ ಹಾಲು, ಒಂದೇ ಚಮಚದ ಹೆಪ್ಪು. ಡಬ್ಬಿಗಳನ್ನು ಪ್ಯಾಂಟುಗಳ ಬಲಗಾಲಿನ ತೊಡೆಯ ಜಾಗದಲ್ಲಿಟ್ಟು, ಎಡಗಾಲನ್ನು ಮೇಲೆ ಸುತ್ತಿ, ಬಾಲ್ಕನಿಯಲ್ಲಿ ಸಾಲಾಗಿ ಮಲಗಿಸಿದ. ನ್ಯಾಯ ತಪ್ಪಬಾರದೆಂದು ಆಫೀಸಿನ ಟೆರಿಕಾಟ್ ಪ್ಯಾಂಟಿನಲ್ಲೂ ಒಂದು. ಎದುರಿನ ಬಿಲ್ಡಿಂಗಿನಿಂದ ನೋಡಿದವರಿಗೆ ಗಲಗಲಿಯವರ ಬಾಲ್ಕನಿಯಲ್ಲಿ ಸೊಂಟದ ಮೇಲಿಲ್ಲದ ಗಂಡಸರು ಕಾಲು ಮಡಚಿ ಮಲಗಿದಂತೆ ಕಾಣುತ್ತಿತ್ತು.

ಬೆಳಿಗ್ಗೆ ಮೂವರೂ ಹಲ್ಲುಜ್ಜದೆ ಬಾಲ್ಕನಿಗೆ ಹೋದೆವು. ಟೆರಿಕಾಟಿನಲ್ಲಿ ಹಾಲು ಹಾಲಾಗಿಯೇ ಇತ್ತು. ನೈಲಾನಿನಲ್ಲಿ ಎಳೆಎಳೆಯಾಗಿ ಏನೋ ಒಂದು. ಕಾರ್ಡುರಾಯ್‌ನಲ್ಲಿ ಮೊಸರು ಆಗಿತ್ತು, ಅಲುಗಾಡಿಸಿದರೆ ನೀರು ಬಿಡುವಂಥದ್ದು. ಟಿಬೆಟಿ ಪ್ಯಾಂಟಿನ ಡಬ್ಬಿಯನ್ನು ಅಪ್ಪ ತಲೆಕೆಳಗು ಮಾಡಿದ. ಮೊಸರು ಕದಲಲಿಲ್ಲ. ಚಮಚ ಚುಚ್ಚಿದ, ಚಮಚ ನೆಟ್ಟಗೆ ನಿಂತಿತು. ನನ್ನ ಮದುವೆಯೇ ಆಗಿಹೋಯಿತು ಎಂಬಂತೆ ನಾನು ಅವ್ವನನ್ನು ತಬ್ಬಿಕೊಂಡೆ. ಅವ್ವ ಮಾತ್ರ ಒಂದು ಚಮಚ ಬಾಯಿಗೆ ಹಾಕಿ, "ನಮ್ಮ ಸ್ವೆಟರಿನ ಮೊಸರಿಗಿಂತ ಛಲೋ ಆಗೇದ," ಎಂದು ಒಪ್ಪಿಕೊಂಡಳು. ಅವಳ ಬಾಯಿಂದ ಅಪ್ಪನ ಕೆಲಸಕ್ಕೆ ಇಂಥ ಮಾತು ಬಂದದ್ದನ್ನು ನಾನು ಮೊದಲ ಸಲ ಕೇಳಿದ್ದೆ.

ಅಲ್ಲಿಗೆ ನಿಲ್ಲಿಸಿದ್ದರೆ ಅವನು ಅವಧೂತ ಗಲಗಲಿ ಆಗುತ್ತಿರಲಿಲ್ಲ. ಒಂದೇ ಸಲದ ಪರೀಕ್ಷೆಯನ್ನು ಕಾರ್ಖಾನೆಯಲ್ಲಿ ಯಾರೂ ನಂಬುವುದಿಲ್ಲವಂತೆ. ದಿನಾ ಡಬ್ಬಿಗಳನ್ನು ಅದಲುಬದಲು ಮಾಡಿ ಇಟ್ಟ. ನಾವು ಮಜ್ಜಿಗೆ ಹುಳಿ ಉಂಡೆವು, ಮೊಸರನ್ನ ಉಂಡೆವು, ಉಳಿದದ್ದನ್ನು ಮೂರನೆಯ ಮಹಡಿಯ ಆಜಿಗೆ ಕ್ಷಮಾಪಣೆಯಾಗಿ ಕೊಟ್ಟೆವು. ಅವಳು ಬಹಳ ಹೊಗಳಿ, ಯಾವ ಪಾತ್ರೆಯಲ್ಲಿ ಹೆಪ್ಪು ಹಾಕುತ್ತೀರಿ ಎಂದು ಕೇಳಿದಳು. ಅವ್ವ ಮಾತು ಮರೆಸಿದಳು.

ಶನಿವಾರ ಸಂಜೆ ಟಿಬೆಟಿ ಪ್ಯಾಂಟನ್ನು ಮಡಚಿ ಕುರ್ಚಿಯ ಮೇಲಿಡಲು ಅವ್ವ ಕೈ ಚಾಚಿದರೆ, "ಇವತ್ತೊಂದಿನ, ಕಡೀ ಪರೀಕ್ಷಾ," ಎಂದ ಅಪ್ಪ. ನಾವಿಬ್ಬರೂ ಬೇಡ ಬೇಡ ಎಂದೆವು. ಮಾತು ಕೇಳಲಿಲ್ಲ. ಆ ರಾತ್ರಿ ಬಾಲ್ಕನಿಗೆ ಬೆಕ್ಕು ಬಂತೋ, ಡಬ್ಬಿಯ ಮುಚ್ಚಳ ಸಡಿಲಿತ್ತೋ, ಐತವಾರ ನಸುಕಿನಲ್ಲಿ ಅಪ್ಪ ಪ್ಯಾಂಟು ಎತ್ತಿದರೆ ಮೊಸರೆಲ್ಲ ಒಳಗಿನ ತುಪ್ಪಟಕ್ಕೆ ಕೂತಿತ್ತು. ಹೆಪ್ಪು ಮಾತ್ರ ಚೆನ್ನಾಗಿ ಆಗಿತ್ತು.

ತೊಳೆದರೆ ಒಣಗದು, ಒದ್ದೆ ಪ್ಯಾಂಟಿನಲ್ಲಿ ಹೋದರೆ ನಡುಕ ಖಂಡಿತ. ಅವ್ವ ಬಾಯಿ ತುಂಬಾ ಬೈಯುತ್ತಾ ಮೊಸರನ್ನು ಚಮಚದಿಂದ ಕೆರೆದು ತೆಗೆದಳು, ಒಣಬಟ್ಟೆಯಿಂದ ತಿಕ್ಕಿದಳು, ತನ್ನ ಮಲ್ಲಿಗೆ ವಾಸನೆಯ ಪೌಡರಿನ ಅರ್ಧ ಡಬ್ಬಿ ಒಳಗೆ ಸುರಿದಳು. ಅಪ್ಪ ಅದನ್ನು ಹಾಕಿಕೊಂಡು ಹೆಜ್ಜೆ ಹಾಕಿದರೆ ಕೆಳಗಿನ ತುದಿಯಿಂದ ಬಿಳಿ ಹೊಗೆ ಬರುತ್ತಿತ್ತು. ನಾನು ದೇವರ ಮುಂದೆ ದೀಪ ಹಚ್ಚಿದೆ, ಅಗರಬತ್ತಿಯನ್ನು ಅಪ್ಪನ ಸುತ್ತಲೂ ತಿರುಗಿಸಿದೆ, ಭಕ್ತಿಗಲ್ಲ.

ಅಲ್ಲಿಂದ ಮುಂದಿನದನ್ನು ಅಪ್ಪ ಹೀಗೆ ಹೇಳಿದ. ಗುಡ್ಡದ ಬುಡದಲ್ಲಿ ಮಾರ್ತಾಂಡರಾವ್ ಕಾಯುತ್ತಿದ್ದರು. ಪ್ಯಾಂಟು ಬೆಚ್ಚಗಿತ್ತು, ಹಗುರವಾಗಿತ್ತು, ತೊಡೆ ಗಪ್ಪಗಿತ್ತು. ಆದರೆ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಒಂದು ನಾಯಿ ಬಂದು ಅವನ ಮೊಣಕಾಲು ಮೂಸಿತು. ಅದು ಹೋಗಿ ಇನ್ನೊಂದನ್ನು ಕರೆದುಕೊಂಡು ಬಂತು. ಗುಡ್ಡದ ನಾಯಿಗಳೆಲ್ಲ ಒಂದೊಂದಾಗಿ ಪೊದೆಗಳಿಂದ ಹೊರಬಂದು, ಯಾತ್ರೆಗೆ ಹೊರಟವರ ಹಾಗೆ ಅಪ್ಪನ ಬೆನ್ನು ಹತ್ತಿದವು.

"ಇವ್ಯಾಕ್ರಿ ನಿಮ್ಮ ಬೆನ್ನು ಹತ್ಯಾವ?" ಎಂದು ಮಾರ್ತಾಂಡರಾವ್ ದೂರ ಸರಿಯುತ್ತಾ ಕೇಳಿದರು.

"ಪರಿಚಯದವ್ರಿ," ಎಂದ ಅಪ್ಪ.

ಸಾವಿರ ಹುಡುಗರನ್ನು ಒಂದು ಸೀಟಿಗೆ ನಿಲ್ಲಿಸಿದ ಆ ಡ್ರಿಲ್ ಮಾಸ್ತರರಿಗೆ ನಾಯಿ ಎಂದರೆ ಜೀವ ಹೋಗುವಷ್ಟು ಭಯ ಎಂಬುದು ನಮಗೆ ಗೊತ್ತಾದದ್ದು ಆಮೇಲೆ. ಅದನ್ನು ಅವರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ, ಬೀಗರಾಗುವವರ ಮುಂದೆ ಹೇಗೆ ಹೇಳುವುದು? ಬೇಗ ಬೇಗ ನಡೆದರು. ಅಪ್ಪನೂ ಬೇಗ ನಡೆದ. ನಾಯಿಗಳೂ. ಅವರು ಓಡಿದರು. ಇದೂ ಪರೀಕ್ಷೆಯ ಒಂದು ಭಾಗ ಎಂದುಕೊಂಡು ಅಪ್ಪನೂ ಓಡಿದ. ಎದುರಿಗೆ ಇಳಿದು ಬರುತ್ತಿದ್ದವರು ದಾರಿ ಬಿಟ್ಟು ನಿಂತರಂತೆ. ಅಷ್ಟು ಬೇಗ ಆ ಗುಡ್ಡವನ್ನು ಆ ವಯಸ್ಸಿನವರು ಅದಕ್ಕೆ ಮೊದಲು ಹತ್ತಿರಲಾರರು, ಆಮೇಲಂತೂ ಇವರಿಬ್ಬರೂ ಹತ್ತಲಿಲ್ಲ.

ಮೇಲೆ ಬಂಡೆಯ ಮೇಲೆ ಕೂತು ಮಾಸ್ತರರು ಚಹಾ ಬಗ್ಗಿಸಿದರು, ಕಪ್ಪಿನ ಅಂಚಿನ ತನಕ. ಅಪ್ಪ ಅದನ್ನು ತೆಗೆದುಕೊಂಡು ಕೈ ಉದ್ದಕ್ಕೆ ಚಾಚಿ ಹಿಡಿದ. ಒಂದು ಹನಿ ಚೆಲ್ಲಲಿಲ್ಲ. "ಮಾಘ ಮಾಸದಾಗ ಮುಹೂರ್ತ ನೋಡೋಣ ಅಂದ್ರು. ಪಾಸ್!" ಎಂದು ನಮಗೆ ಹೇಳಿ ಅಪ್ಪ ಸ್ನಾನಕ್ಕೆ ಹೋದ. ಆ ದಿನ ಬಚ್ಚಲಿನಿಂದ ಬಹಳ ಹೊತ್ತು ಹೊರಗೆ ಬರಲಿಲ್ಲ. ಮೊಸರಿನ ವಾಸನೆ ತೊಳೆಯುತ್ತಿದ್ದಾನೆ ಎಂದುಕೊಂಡೆವು. ನಾನು ವಿಕ್ರಮನ ಮನೆಗೆ ಫೋನು ಹಚ್ಚಲು ಪಿಸಿಒಗೆ ಓಡಿದೆ.

ಅವನು ಹೇಳದೆ ಬಿಟ್ಟ ಭಾಗವನ್ನು ನನಗೆ ಹೇಳಿದವರು ಮಾರ್ತಾಂಡರಾವ್, ನನ್ನ ಮಾವ, ಮದುವೆಯಾಗಿ ನಾಲ್ಕೈದು ವರ್ಷಗಳಾದ ಮೇಲೆ. ಯಾರೋ ಊಟದ ಹೊತ್ತಿಗೆ ಅಪ್ಪನ ಪ್ಯಾಂಟಿನ ಕಥೆ ತೆಗೆದಿದ್ದರು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಮಾವ ಮಾತ್ರ ಕೈತೊಳೆದು ಬಂದು ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು.

ಕಪ್ಪು ನಿಶ್ಚಲವಾಗಿ ನಿಂತದ್ದು ಖರೆಯಂತೆ. ಅವರು ನೋಡಿದರು, ಸಮಾಧಾನವಾಯಿತು, ಮುಹೂರ್ತದ ಮಾತು ಆಡಿದರು. ಆಡಿ, "ಇನ್ನ ನೀಲಿಮಾ ನಮ್ಮ ಮನಿ ಮಗಳು ಗಲಗಲಿಯವರ. ನಮಗ ಬಿಟ್ಟುಕೊಡ್ರಿ," ಎಂದರು. ಆಗ ಕಪ್ಪು ಅಲುಗಾಡತೊಡಗಿತು. ಮೊದಲು ಬೆರಳು, ಆಮೇಲೆ ಮೊಣಕೈ, ಆಮೇಲೆ ಮೈಯೆಲ್ಲ. ಚಹಾ ಪೂರ್ತಿ ಪ್ಯಾಂಟಿನ ಮೇಲೆ ಚೆಲ್ಲಿತು, ನಾಯಿಗಳು ನೆಕ್ಕಿದವು, ಅಪ್ಪನಿಗೆ ಅದರ ಪರಿವೆಯೇ ಇರಲಿಲ್ಲ. ಅಷ್ಟೊತ್ತಿಗೆ ಬಿಸಿಲು ಬಿದ್ದಿತ್ತು. ಓಡಿ ಬಂದ ದಣಿವಿಗೆ ಇಬ್ಬರ ಹಣೆಯಿಂದಲೂ ಬೆವರು ಇಳಿಯುತ್ತಿತ್ತು.

"ನಾ ಏನೂ ಕೇಳ್ಲಿಲ್ಲವಾ," ಎಂದರು ಮಾವ. "ಅವರ ನನ್ನ ಮುಖ ನೋಡಿ, 'ಚಳಿರೀ ಬೀಗರ, ಭಾಳ ಚಳಿ ಅದ' ಅಂದ್ರು."

ಆ ಗುಡ್ಡದ ದಿನಕ್ಕೆ ಒಂದು ವರ್ಷ ಮುಂಚೆಯಷ್ಟೇ ಮಾವ ತಮ್ಮ ಮಗಳನ್ನು ಹುಬ್ಬಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರು. ಬೆವರು ಒರೆಸಿಕೊಳ್ಳುತ್ತಿದ್ದವರು ಕುತ್ತಿಗೆಯ ಮಫ್ಲರು ಬಿಚ್ಚಿ, ನಾಯಿಗಳ ನಡುವೆಯೇ ಹಾದು ಹೋಗಿ, ಅದನ್ನು ಅಪ್ಪನ ಕಿವಿ ಮುಚ್ಚುವಂತೆ ಕಟ್ಟಿದರಂತೆ.

"ಹೌದ್ರಿ ಬೀಗರ," ಎಂದರಂತೆ, "ಈ ವರ್ಷ ಚಳಿ ಭಾಳ ಅದ."